ಒಂದೇ ಅಡುಗೆಯ ಪುಸ್ತಕ: ತಂಬುಳಿಯ ಬಗ್ಗೆ ಬರೆದು, ಸ್ವಂತವಾಗಿ ಅಚ್ಚು ಹಾಕಿಸಿ, ಮಾರುವ ಬಗೆ

ಸಾಗರ, ಸಿದ್ದಾಪುರ, ಶಿರಸಿ, ಯಲ್ಲಾಪುರದ ಕಡೆಯ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಅನ್ನಕ್ಕೆ ಮೊದಲು ಕಲಸಿಕೊಳ್ಳುವುದು ತಂಬುಳಿಯನ್ನು. ಹಿತ್ತಿಲಿನ ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಪೇರಲೆಯ ಕುಡಿ, ನೆಲ್ಲಿಕಾಯಿ, ಮಾವಿನಶುಂಠಿ, ಒಣಗಿಸಿಟ್ಟ ದಾಳಿಂಬೆ ಸಿಪ್ಪೆ, ಕೊಡಗಸನ ಹೂವು, ಹೀಗೆ ಆ ಹೊತ್ತಿಗೆ ಕೈಗೆ ಸಿಕ್ಕಿದ್ದನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ನುಣ್ಣಗೆ ಬೀಸಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ಆಯಿತು. ಕುದಿಸುವ ಮಾತೇ ಇಲ್ಲ. ಈ ಒಂದೇ ಅಡುಗೆಯ ಮೇಲೆ ನಾನು 112 ಪುಟಗಳ ಪುಸ್ತಕ ಬರೆದು, ಸ್ವಂತ ಹಣದಲ್ಲಿ ಅಚ್ಚು ಹಾಕಿಸಿ, ಮಾರಿದ್ದೇನೆ. ಆ ಕೆಲಸದಲ್ಲಿ ಕಲಿತದ್ದನ್ನು, ಇಂಥದೇ ಪುಸ್ತಕವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ತಂಬುಳಿಯೇ ಆಗಬೇಕಿಲ್ಲ. ಕೋಲಾರದ ಬೆರಕೆ ಸೊಪ್ಪಿನ ಸಾರು, ಧಾರವಾಡದ ಕಡೆಯ ಚಟ್ನಿಪುಡಿಗಳು, ಕರಾವಳಿಯ ಹಲಸಿನ ಅಡುಗೆ, ಬಾಣಂತಿಯರ ಪಥ್ಯದ ಅಡುಗೆ, ಯಾವುದಾದರೂ ಆಗಬಹುದು. ವಿಷಯ ಎಷ್ಟು ಚಿಕ್ಕದೋ ಕೊಳ್ಳುವವರನ್ನು ಹುಡುಕುವ ಕೆಲಸ ಅಷ್ಟು ಹಗುರ ಎಂಬುದು ನನ್ನ ಅನುಭವ.

ಸ್ವಂತ ಪ್ರಕಟಣೆ ಇಂದು ನಿನ್ನೆಯದಲ್ಲ. ಎಸ್. ಮೀನಾಕ್ಷಿ ಅಮ್ಮಾಳ್ ಅವರು 1951ರಲ್ಲಿ ಮದರಾಸಿನಲ್ಲಿ ತಮ್ಮ ತಮಿಳು ಅಡುಗೆ ಪುಸ್ತಕ ‘ಸಮೈತ್ತುಪ್ಪಾರ್’ ಅನ್ನು ತಾವೇ ಪ್ರಕಟಿಸಿದರು, ಮುಂದೆ ಅವರ ಮನೆಯವರು ಅದನ್ನು ನಡೆಸಿಕೊಂಡು ಬಂದರು. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳ ಕೈಗೆ ಕೊಡುವ ಪುಸ್ತಕವಾಗಿ ಅದು ತಲೆಮಾರುಗಳನ್ನು ದಾಟಿತು. ಯಾರು, ಯಾವ ಸಂದರ್ಭದಲ್ಲಿ ಕೊಳ್ಳುತ್ತಾರೆ ಎಂಬುದು ಗಟ್ಟಿಯಾದರೆ ಅಡುಗೆ ಪುಸ್ತಕಕ್ಕೆ ಬಹಳ ಆಯುಷ್ಯವಿದೆ.

ಕೊಳ್ಳುವವರು ಮೊದಲು, ಬರವಣಿಗೆ ಆಮೇಲೆ

‘ನೂರೊಂದು ಸಸ್ಯಾಹಾರಿ ಅಡುಗೆ’ಯಂಥ ಪುಸ್ತಕವನ್ನು ಹೊಸಬರು ಈಗ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಥದ್ದು ಅಂಗಡಿಗಳಲ್ಲಿ ಸಾಕಷ್ಟಿದೆ, ಮಿಕ್ಕಿದ್ದಕ್ಕೆ ಯೂಟ್ಯೂಬ್ ಇದೆ. ಬರೆಯಲು ಕೂರುವ ಮೊದಲೇ, ಈ ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವವರು ಯಾರು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಹಾಳೆಯಲ್ಲಿ ನಾಲ್ಕು ಬಗೆಯವರಿದ್ದರು: ಊರು ಬಿಟ್ಟು ಬೆಂಗಳೂರು, ಪುಣೆ, ಅಮೆರಿಕದಲ್ಲಿ ನೆಲೆಸಿದ, ಅಮ್ಮನ ತಂಬುಳಿ ನೆನಪಿದ್ದರೂ ಅಳತೆ ಗೊತ್ತಿಲ್ಲದ ನಮ್ಮ ಕಡೆಯ ಮಕ್ಕಳು, ತಾರಸಿಯ ಕುಂಡದಲ್ಲಿ ದೊಡ್ಡಪತ್ರೆ ಬೆಳೆಸಿ, ಅದನ್ನು ಏನು ಮಾಡುವುದೆಂದು ತಿಳಿಯದ ನಗರದವರು, ಹಗುರವಾದ ಊಟ ಹುಡುಕುವ ಹಿರಿಯರು, ಮತ್ತು ಮಗಳ ಮದುವೆಗೆ ಅರ್ಥವಿರುವ ಉಡುಗೊರೆ ಹುಡುಕುವ ತಂದೆತಾಯಿಗಳು. ಕೊನೆಯವರ ಬಗ್ಗೆ ಮುಂದೆ ಹೇಳುತ್ತೇನೆ, ಏಕೆಂದರೆ ಪುಸ್ತಕದ ಹಣ ಕೈಸೇರುವುದರಲ್ಲಿ ಅವರ ಪಾಲು ನಾನು ಎಣಿಸಿದ್ದಕ್ಕಿಂತ ಹೆಚ್ಚಾಯಿತು.

ವಿಷಯಕ್ಕೆ ಗಡಿಯನ್ನೂ ಆಗಲೇ ಹಾಕಿಕೊಳ್ಳಬೇಕು. ತಂಬುಳಿ ಎಂದ ಕೂಡಲೇ ಅದಕ್ಕೆ ಹತ್ತಿರದ ಅಡುಗೆಗಳಾದ ಅಪ್ಪೆಹುಳಿಯೂ ಹಶಿಯೂ ಗೊಜ್ಜೂ ಒಳಗೆ ಬರಲು ನೋಡುತ್ತವೆ. ನಾನು ಮಜ್ಜಿಗೆ ಅಥವಾ ಹುಳಿಯಲ್ಲಿ ಬೆರೆಸಿದ, ಬೀಸಿದ, ಕುದಿಸದ ಪದಾರ್ಥವಷ್ಟೇ ಎಂದು ಗೆರೆ ಎಳೆದುಕೊಂಡೆ. ಹಾಗೆ ಮಾಡಿದ್ದರಿಂದ 60 ತಂಬುಳಿಗಳು ಉಳಿದವು ಮತ್ತು ಪುಸ್ತಕದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವಂತಾಯಿತು.

ಒಂದು ಹಿಡಿ ಎಂದರೆ ಎಷ್ಟು

ಅಡುಗೆ ಪುಸ್ತಕಕ್ಕೆ ಹೆಸರು ಬರುವುದು ಅದರ ಅಳತೆಯಿಂದ. ನಮ್ಮ ಮನೆಯ ನೋಟುಬುಕ್ಕಿನಲ್ಲಿ ‘ಒಂದೆಲಗ ಒಂದು ಹಿಡಿ’ ಎಂದಿತ್ತು. ಅಡುಗೆಮನೆಯ ತಕ್ಕಡಿಯ ಮೇಲೆ ಹಾಕಿ ನೋಡಿದಾಗ ನನ್ನ ಹಿಡಿ 22 ಗ್ರಾಂ ತೂಗಿತು, ಅತ್ತೆಯವರ ಹಿಡಿ 35 ಗ್ರಾಂ. ಅತ್ತೆಯವರ ಅಳತೆಯಲ್ಲಿ ನಗರದ ಹುಡುಗಿಯೊಬ್ಬಳು ಮಾಡಿದರೆ ಸೊಪ್ಪಿನ ಒಗರು ಮುಂದೆ ಬಂದು, ಅವಳು ಮತ್ತೆಂದೂ ಆ ಪುಟ ತೆರೆಯುವುದಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ತೂಗಿ, ನಾಲ್ಕು ಜನರ ಊಟಕ್ಕೆಂದು ಹೊಂದಿಸಿ ಬರೆದೆ: ದಂಟು ಸಹಿತ ಒಂದೆಲಗ 25 ಗ್ರಾಂ, ಜೀರಿಗೆ ಅರ್ಧ ಚಮಚ, ಕಾಳುಮೆಣಸು 5, ತುಪ್ಪ ಒಂದು ಚಮಚ, ತೆಂಗಿನತುರಿ 40 ಗ್ರಾಂ, ಮಜ್ಜಿಗೆ 300 ಮಿಲಿಲೀಟರ್. ಪಕ್ಕದಲ್ಲಿ ‘ಇದು ಬಿಗಿಯಾಗಿ ಹಿಡಿಯದ ಒಂದು ಹಿಡಿ’ ಎಂದೂ ಸೇರಿಸಿದೆ. ತಕ್ಕಡಿ ಇಲ್ಲದವರಿಗೂ ಪುಸ್ತಕ ಉಪಯೋಗಕ್ಕೆ ಬರಬೇಕಲ್ಲ.

ಬರೆದ ಮೇಲೆ ಪರೀಕ್ಷೆ. ಪ್ರತಿ ಪಾಕವನ್ನೂ ನಿಮ್ಮ ಮನೆಯವರಲ್ಲದ ಕನಿಷ್ಠ ಇಬ್ಬರಿಂದ, ನಿಮ್ಮ ಎದುರಿಗಲ್ಲದೆ, ಬರೆದದ್ದನ್ನು ಮಾತ್ರ ಓದಿಕೊಂಡು ಮಾಡಿಸಬೇಕು. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಇಂಡಕ್ಷನ್ ಒಲೆ ಮತ್ತು ಸಣ್ಣ ಮಿಕ್ಸಿ ಇಟ್ಟುಕೊಂಡಿದ್ದ ನನ್ನ ಸೋದರಸೊಸೆ ಮೊದಲ ದಿನವೇ ಫೋನ್ ಮಾಡಿ, “ಅತ್ತೆ, ಮಜ್ಜಿಗೆ ಹಾಕಿದ ಕೂಡಲೇ ಒಡೆದ ಹಾಗಾಯಿತು” ಎಂದಳು. ಬಾಡಿಸಿದ್ದನ್ನು ತಣಿಸದೆ ಮಿಕ್ಸಿಗೆ ಹಾಕಿದ್ದಳು, ಬೀಸಿದ್ದು ಬಿಸಿಯಾಗಿಯೇ ಇತ್ತು. ನಮ್ಮಲ್ಲಿ ತಣಿಸುವುದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಾನೂ ಬರೆದಿರಲಿಲ್ಲ. ‘ಬಾಡಿಸಿದ ಸೊಪ್ಪು ಪೂರ್ತಿ ತಣಿದ ಮೇಲೆ ಬೀಸಿ’ ಎಂಬ ಒಂದು ಸಾಲು ಆಗ ಎಲ್ಲ ಪಾಕಗಳಿಗೂ ಸೇರಿತು. ಇಂಥ ಸಾಲುಗಳೇ ನಿಮ್ಮ ಪುಸ್ತಕಕ್ಕೆ ಬೆಲೆ ತರುತ್ತವೆ.

ಸೊಪ್ಪು, ಬೇರು, ಹೂವಿನ ಅಡುಗೆಯಾದರೆ ಗಿಡದ ಗುರುತಿನಲ್ಲಿ ವಿಶೇಷ ಎಚ್ಚರ ಬೇಕು. ಒಂದೆಲಗವನ್ನು ತುಳುವಿನಲ್ಲಿ ತಿಮರೆ ಎನ್ನುತ್ತಾರೆ, ಹಲವು ಕಡೆ ಬ್ರಾಹ್ಮಿ ಎಂದೂ ಕರೆಯುತ್ತಾರೆ; ಆದರೆ ನೀರುಬ್ರಾಹ್ಮಿ ಎಂಬುದು ಬೇರೆಯದೇ ಗಿಡ. ಊರೂರಿನ ಹೆಸರುಗಳ ಜೊತೆ ಸಸ್ಯಶಾಸ್ತ್ರದ ಹೆಸರನ್ನೂ, ಅಂದರೆ ಒಂದೆಲಗಕ್ಕೆ ಸೆಂಟೆಲ್ಲಾ ಏಷಿಯಾಟಿಕಾ, ನೀರುಬ್ರಾಹ್ಮಿಗೆ ಬಕೋಪಾ ಮೊನ್ನಿಯೆರಿ ಎಂದು ಕೊಟ್ಟು, ಎಲೆಯ ಸ್ಪಷ್ಟ ಚಿತ್ರ ಹಾಕಿ. ಗುರುತು ಖಚಿತವಿಲ್ಲದ ಗಿಡವನ್ನು ಪುಸ್ತಕದಿಂದಲೇ ಬಿಟ್ಟುಬಿಡಿ. ಇದೇ ಎಚ್ಚರ ಆರೋಗ್ಯದ ಮಾತಿನಲ್ಲೂ ಇರಲಿ. ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’ ಎಂದು ಮುಖಪುಟದಲ್ಲೋ ಜಾಹೀರಾತಿನಲ್ಲೋ ಹಾಕಿದರೆ ನಾಲ್ಕು ಪ್ರತಿ ಹೆಚ್ಚು ಹೋಗಬಹುದು, ಆದರೆ ಅದು ಸುಳ್ಳು ಭರವಸೆ. ಮಧುಮೇಹದಂಥ ರೋಗಗಳಿಗೆ ಪರಿಹಾರವೆಂದು ಔಷಧಿಗಳ ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯಿದೆಯೊಂದು ನಿಷೇಧಿಸಿಯೂ ಇದೆ. ಅಡುಗೆಯನ್ನು ಅಡುಗೆಯಾಗಿಯೇ ಬರೆಯಿರಿ.

ಹಕ್ಕಿನ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಬರಿಯ ಸಾಮಗ್ರಿಗಳ ಪಟ್ಟಿ ಯಾರ ಸ್ವತ್ತೂ ಅಲ್ಲ. ಅದನ್ನು ವಿವರಿಸಿ ಬರೆದ ಮಾತು, ತೆಗೆದ ಚಿತ್ರ ಬರೆದವರ, ತೆಗೆದವರ ಸ್ವತ್ತು. ಇನ್ನೊಂದು ಪುಸ್ತಕದ ವಿವರಣೆಯನ್ನು ಇದ್ದ ಹಾಗೆ ಎತ್ತಿಕೊಳ್ಳಬಾರದು. ನಿಮ್ಮ ಬರಹದ ಮೇಲಿನ ಹಕ್ಕು ಬರೆದ ಕ್ಷಣದಿಂದಲೇ ನಿಮ್ಮದು, ನಿಮ್ಮ ಜೀವಿತಾವಧಿಯ ನಂತರವೂ 60 ವರ್ಷ ಅದು ಉಳಿಯುತ್ತದೆ, ನೋಂದಣಿ ಕಡ್ಡಾಯವಲ್ಲ. ಕಾನೂನು ಕೇಳದಿದ್ದರೂ, ಪಾಕ ಹೇಳಿಕೊಟ್ಟ ಅತ್ತಿಗೆ, ಚಿಕ್ಕಮ್ಮಂದಿರ ಒಪ್ಪಿಗೆ ಪಡೆದು ಆಯಾ ಪುಟದಲ್ಲೇ ಅವರ ಹೆಸರು ಹಾಕಿ. ಹೆಸರು ಅಚ್ಚಾದ ಪ್ರತಿಯೊಬ್ಬರೂ ಐದಾರು ಪ್ರತಿ ಕೊಂಡು ಹಂಚುತ್ತಾರೆ ಎಂಬುದು ಆಮೇಲೆ ತಿಳಿಯಿತು, ಆದರೆ ಹೆಸರು ಹಾಕಬೇಕಾದದ್ದು ಅದಕ್ಕಾಗಿಯಲ್ಲ.

ಅಕ್ಷರ ಜೋಡಣೆಯಿಂದ ಅಚ್ಚಿನ ಮನೆಯವರೆಗೆ

ಕನ್ನಡ ಪುಸ್ತಕಕ್ಕೆ ಇರುವ ವಿಶೇಷ ತೊಡಕು ಅಕ್ಷರದ್ದು. ನೀವು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ, ಎಲ್ಲ ಸಾಧನಗಳಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಬರೆದಿರುತ್ತೀರಿ. ಹಲವು ಡಿಟಿಪಿ (ಅಕ್ಷರ ಜೋಡಣೆಯ) ಕೇಂದ್ರಗಳು ಇಂದಿಗೂ ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲೇ ಪುಟ ಕಟ್ಟುತ್ತವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಡುವುದು ಎಲ್ಲರಿಗೂ ಗೊತ್ತು. ಅಡುಗೆ ಪುಸ್ತಕದಲ್ಲಿ ಅದಕ್ಕಿಂತ ದೊಡ್ಡ ಅಪಾಯ ಭಿನ್ನರಾಶಿಗಳದು. ನನ್ನ ಮೊದಲ ಕರಡಚ್ಚಿನಲ್ಲಿ ಅರ್ಧ, ಕಾಲು ಸೂಚಿಸುವ ಚಿಹ್ನೆಗಳೆಲ್ಲ ಮಾಯವಾಗಿ, ‘½ ಚಮಚ ಉಪ್ಪು’ ಎಂದಿದ್ದ ಕಡೆ ಬರಿಯ ‘ಚಮಚ ಉಪ್ಪು’ ಉಳಿದಿತ್ತು. ಓದಲು ವಾಕ್ಯ ಸರಿಯಾಗಿಯೇ ಇದ್ದುದರಿಂದ ಕರಡು ತಿದ್ದಿದವರ ಕಣ್ಣಿಗೂ ಬೀಳಲಿಲ್ಲ. ಮೂಲದ ಜೊತೆ ಅಂಕೆಗಳನ್ನು ಮಾತ್ರ ಒಂದೊಂದಾಗಿ ತಾಳೆ ನೋಡಿದ ದಿನ ಸಿಕ್ಕಿಬಿತ್ತು. ಅಂದಿನಿಂದ ಅರ್ಧ, ಕಾಲು, ಮುಕ್ಕಾಲು ಎಂದು ಅಕ್ಷರದಲ್ಲೇ ಬರೆಯುತ್ತೇನೆ. ಸಾಧ್ಯವಾದರೆ ಯೂನಿಕೋಡ್‌ನಲ್ಲೇ ಇನ್‌ಡಿಸೈನ್ ಬಳಸಿ ಪುಟ ಕಟ್ಟುವವರನ್ನು ಹುಡುಕಿ. ಮುಂದೆ ಇ-ಪುಸ್ತಕ ಮಾಡುವಾಗ ಮತ್ತೆ ಖರ್ಚು ಬೀಳುವುದಿಲ್ಲ. ಕೆಲಸ ಮುಗಿದ ಮೇಲೆ ಪಿಡಿಎಫ್ ಅಷ್ಟೇ ಅಲ್ಲ, ತಿದ್ದಲು ಬರುವ ಮೂಲ ಕಡತವನ್ನೂ ಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಕನ್ನಡ ಪುಸ್ತಕಗಳಿಗೆ ಡೆಮಿ 1/8 ಆಕಾರ ರೂಢಿಯಲ್ಲಿದೆ, ಅಗ್ಗವೂ ಹೌದು. ಅಚ್ಚಿನ ಮನೆಯವರು ಪುಟಗಳನ್ನು ಫಾರಂಗಳಲ್ಲಿ, ಅಂದರೆ 16 ಪುಟಗಳ ಕಟ್ಟುಗಳಲ್ಲಿ ಎಣಿಸುವುದರಿಂದ 96, 112, 128 ಹೀಗೆ ಪುಟ ಹೊಂದಿಸಿದರೆ ಕಾಗದ ವ್ಯರ್ಥವಾಗುವುದಿಲ್ಲ. ಎಲ್ಲ ಪುಟಗಳಿಗೂ ಬಣ್ಣ ಬೇಡ. ಬಣ್ಣದ ಚಿತ್ರಗಳನ್ನೆಲ್ಲ ಒಂದೇ ಫಾರಂಗೆ ಸೇರಿಸಿ 130 ಜಿಎಸ್‌ಎಂ (ಜಿಎಸ್‌ಎಂ ಎಂದರೆ ಕಾಗದದ ತೂಕದ ಅಳತೆ) ನುಣುಪಾದ ಆರ್ಟ್ ಪೇಪರಿನಲ್ಲಿ, ಉಳಿದದ್ದನ್ನು 80 ಜಿಎಸ್‌ಎಂ ಮ್ಯಾಪ್‌ಲಿಥೋ ಎಂಬ ಸಾಮಾನ್ಯ ಬಿಳಿ ಕಾಗದದಲ್ಲಿ ಮಾಡಿಸಿದರೆ ಸಾಕು. ಮುಖಪುಟಕ್ಕೆ ಲ್ಯಾಮಿನೇಷನ್ ಬೇಕೇ ಬೇಕು, ಏಕೆಂದರೆ ಒದ್ದೆ ಕೈಯಲ್ಲಿ, ಒಗ್ಗರಣೆಯ ಪಕ್ಕದಲ್ಲಿ ಹಿಡಿಯುವ ಪುಸ್ತಕವಿದು. ಬೆನ್ನಿಗೆ ಬರಿಯ ಗೋಂದಿನ ಬೈಂಡಿಂಗ್ ಮಾಡಿಸದೆ ಹೊಲಿಗೆ ಹಾಕಿಸಿ. ಅಡುಗೆಕಟ್ಟೆಯ ಮೇಲೆ ಅಗಲವಾಗಿ ತೆರೆದು ನಿಲ್ಲದ ಅಡುಗೆ ಪುಸ್ತಕ ಕಪಾಟು ಸೇರುತ್ತದೆ. 300ರೊಳಗಿನ ಪ್ರತಿಗಳಿಗೆ ಡಿಜಿಟಲ್ ಅಚ್ಚು, 500ರ ಮೇಲಾದರೆ ಆಫ್‌ಸೆಟ್ ಸಾಮಾನ್ಯವಾಗಿ ಗಿಟ್ಟುತ್ತದೆ. ಕನಿಷ್ಠ ಮೂರು ಅಚ್ಚಿನ ಮನೆಗಳಿಂದ, ತೆರಿಗೆಯೂ ಸೇರಿದಂತೆ, ಬರಹದಲ್ಲಿ ದರ ಪಡೆಯಿರಿ.

ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಐಎಸ್‌ಬಿಎನ್‌ಗೆ ನಮ್ಮ ದೇಶದಲ್ಲಿ ಶುಲ್ಕವಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆಯ ಜಾಲತಾಣದಲ್ಲಿ ಲೇಖಕರೇ ನೇರವಾಗಿ ಅರ್ಜಿ ಹಾಕಬಹುದು. ಆದ್ದರಿಂದ ಇದಕ್ಕೆಂದು ಮಧ್ಯವರ್ತಿಗಳಿಗೆ ಸಾವಿರಾರು ರೂಪಾಯಿ ಕೊಡಬೇಡಿ. ಸಂಖ್ಯೆ ಬರಲು ಸಮಯ ಹಿಡಿಯುವುದರಿಂದ ಅಕ್ಷರ ಜೋಡಣೆ ನಡೆಯುತ್ತಿರುವಾಗಲೇ ಅರ್ಜಿ ಹೋಗಲಿ. ಪುಸ್ತಕ ಹೊರಬಂದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈನ ಕನ್ನೆಮರ ಗ್ರಂಥಾಲಯ, ಮುಂಬೈನ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದೊಂದು ಪ್ರತಿಯನ್ನು ನಿಮ್ಮ ಖರ್ಚಿನಲ್ಲಿ ಕಳುಹಿಸುವುದು 1954ರದೇ ಇನ್ನೊಂದು ಕಾಯಿದೆಯಂತೆ ಪ್ರಕಾಶಕರ ಕರ್ತವ್ಯ. ಸ್ವಂತವಾಗಿ ಪ್ರಕಟಿಸಿದ ಮೇಲೆ ನೀವೇ ಪ್ರಕಾಶಕರು.

ಹಣದ ಲೆಕ್ಕ

ನನ್ನ ಮೊದಲ ಮುದ್ರಣದ ಲೆಕ್ಕವನ್ನು ಇದ್ದ ಹಾಗೆ ಕೊಡುತ್ತೇನೆ. ನಿಮ್ಮ ಊರಿನ, ನಿಮ್ಮ ಕಾಲದ ದರ ಬೇರೆಯಿರಬಹುದು, ಲೆಕ್ಕದ ರೀತಿ ಇದೇ. ಅಕ್ಷರ ಜೋಡಣೆ, ಪುಟ ವಿನ್ಯಾಸ, ಮುಖಪುಟ, ಚಿತ್ರಗಳು, ಕರಡು ತಿದ್ದಿದವರ ಸಂಭಾವನೆ ಎಲ್ಲ ಸೇರಿ 25,000 ರೂಪಾಯಿ. 500 ಪ್ರತಿಗಳ ಅಚ್ಚಿಗೆ ಪ್ರತಿಯೊಂದಕ್ಕೆ 70 ರೂಪಾಯಿಯಂತೆ 35,000. ಒಟ್ಟು 60,000, ಅಂದರೆ ಒಂದು ಪ್ರತಿಗೆ ಬಿದ್ದ ಖರ್ಚು 120. ಮುಖಬೆಲೆ 220 ಇಟ್ಟೆ.

ಪುಸ್ತಕದಂಗಡಿಗೆ ಶೇ 40 ಬಿಟ್ಟು ಕೊಟ್ಟರೆ ನಮ್ಮ ಕೈಗೆ ಬರುವುದು 132 ರೂಪಾಯಿ. ಅಂಗಡಿಗಳನ್ನಷ್ಟೇ ನಂಬಿದ್ದರೆ 455 ಪ್ರತಿ ಹೋದ ಮೇಲಷ್ಟೇ ಹಾಕಿದ ಹಣ ವಾಪಸಾಗುತ್ತಿತ್ತು. ಅಂಗಡಿಯವರದು ತಪ್ಪಲ್ಲ, ಜಾಗದ ಬಾಡಿಗೆ ಅವರಿಗೂ ಇದೆ. ಆದರೆ ಸಣ್ಣ ವಿಷಯದ ಪುಸ್ತಕದಲ್ಲಿ ಲಾಭ ಉಳಿಯುವುದು ನೇರ ಮಾರಾಟದಲ್ಲಿ. ನನ್ನ 500ರಲ್ಲಿ 300 ಪ್ರತಿ ಮುಂಗಡ ರಿಯಾಯಿತಿ ಬೆಲೆ 200ಕ್ಕೆ ನೇರವಾಗಿ ಹೋದವು, 100 ಪ್ರತಿ ಮದುವೆ, ಉಪನಯನಗಳಿಗೆ ಸಗಟಾಗಿ ಶೇ 30 ಬಿಟ್ಟು 154ಕ್ಕೆ, 60 ಪ್ರತಿ ಅಂಗಡಿಗಳ ಮೂಲಕ, 40 ಗೌರವ ಪ್ರತಿಗಳಾಗಿ. ಬಂದದ್ದು 83,320, ಉಳಿದದ್ದು 23,320. ಒಂದೂವರೆ ವರ್ಷದ ದುಡಿಮೆಗೆ ಇದು ದೊಡ್ಡ ಮೊತ್ತವಲ್ಲ ಎಂಬುದು ನಿಜ. ಆದರೆ ಎರಡನೇ ಮುದ್ರಣಕ್ಕೆ ಆ 25,000 ಮತ್ತೆ ಬೇಕಿಲ್ಲ. ಅಷ್ಟೇ ಮಾರಾಟದಲ್ಲಿ 48,320 ಉಳಿಯುತ್ತದೆ. ಆದಾಯ ಬೇಕೆಂದಾದರೆ ಮೊದಲ ಮುದ್ರಣವನ್ನು ಚಿಕ್ಕದಾಗಿಟ್ಟು, ಬೇಗ ಮುಗಿಸಿ, ಎರಡನೆಯದಕ್ಕೆ ಹೋಗುವ ಹಾಗೆ ಯೋಜಿಸಬೇಕು. 1,000 ಪ್ರತಿ ಹಾಕಿಸಿದರೆ ಪ್ರತಿಯ ಖರ್ಚು ಇಳಿಯುತ್ತದೆ ಎಂಬ ಆಸೆಗೆ ಬಿದ್ದು, ಮಳೆಗಾಲದಲ್ಲಿ ಅಟ್ಟದ ಮೇಲೆ ಗೆದ್ದಲಿಗೂ ತೇವಕ್ಕೂ ಪುಸ್ತಕ ಒಪ್ಪಿಸಿದವರನ್ನು ನಾನು ಬಲ್ಲೆ. ಮುದ್ರಿತ ಪುಸ್ತಕದ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಆದರೂ ಪ್ರತಿಯೊಂದು ಮಾರಾಟಕ್ಕೂ ರಸೀದಿ ಇರಲಿ. ಬಂದ ಲಾಭ ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ.

ಮಾರುವುದು

ತಂಬುಳಿಗೆ ಕಾಲವಿದೆ, ಆದ್ದರಿಂದ ಪುಸ್ತಕಕ್ಕೂ ಕಾಲವಿದೆ. ಬಿಸಿಲು ಏರುವ ಮೊದಲು, ಫೆಬ್ರುವರಿಯಲ್ಲಿ ಪುಸ್ತಕ ಕೈಯಲ್ಲಿರಬೇಕು; ಯುಗಾದಿಯ ನಂತರದ ಮದುವೆಗಳಿಗೂ ಆಗ ಸಿದ್ಧವಿರುತ್ತದೆ. ಅಚ್ಚಿಗೆ ಕೊಡುವ ಆರು ವಾರ ಮೊದಲು ಮುಂಗಡ ಬೇಡಿಕೆ ಆರಂಭಿಸಿ. ನಾನು ಮಾಡಿದ್ದಿಷ್ಟು: ವಾರಕ್ಕೊಂದರಂತೆ ಐದು ತಂಬುಳಿಗಳ ಪುಟವನ್ನು, ಪುಸ್ತಕದಲ್ಲಿ ಬರುವ ರೂಪದಲ್ಲೇ, ಬಂಧುಗಳ, ಸಹಪಾಠಿಗಳ, ಊರಿನವರ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿದೆ, ಪುಟದ ಕೆಳಗೆ ಯುಪಿಐ ಕ್ಯೂಆರ್ ಚಿತ್ರ, ವಿಳಾಸ ಕಳುಹಿಸಬೇಕಾದ ಸಂಖ್ಯೆ. ಪುಟಗಳು ಎಲ್ಲೆಲ್ಲಿಗೋ ಹೋಗಿ ಗುರುತಿಲ್ಲದವರಿಂದ ಬೇಡಿಕೆ ಬಂತು. ಪುಟಗಳನ್ನು ಹಂಚಿದರೆ ಪುಸ್ತಕ ಕೊಳ್ಳುವವರು ಕಡಿಮೆಯಾಗುತ್ತಾರೆ ಎಂಬ ಅಂಜಿಕೆ ನನಗೂ ಇತ್ತು, ಆದರೆ ಹಾಗಾಗಲಿಲ್ಲ; ಮಾಡಿ ನೋಡಿ ಸರಿ ಬಂದವರೇ ಪೂರ್ತಿ ಪುಸ್ತಕ ಕೇಳಿದರು. ಮುಂಗಡ ಕೊಟ್ಟವರಿಗೆ ಹೇಳಿದ ದಿನಕ್ಕೆ ಪುಸ್ತಕ ತಲುಪಿಸುವುದು ಮಾತ್ರ ನಿಮ್ಮ ಮಾನದ ಪ್ರಶ್ನೆ ಎಂದು ತಿಳಿಯಿರಿ.

ತಾಂಬೂಲದ ಜೊತೆ ಪುಸ್ತಕ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆಯುತ್ತಿದೆ. ಸ್ಟೀಲ್ ಡಬ್ಬಿಯೋ ರವಿಕೆ ಕಣವೋ ಕೊಡುವ ಬದಲು ಮನೆತನದ ಅಡುಗೆಯ ಪುಸ್ತಕ ಕೊಟ್ಟರೆ ಬಂದವರು ತೆರೆದು ನೋಡುತ್ತಾರೆ. 50 ಪ್ರತಿಗಿಂತ ಹೆಚ್ಚು ಕೊಳ್ಳುವವರಿಗೆ ವಧೂವರರ ಹೆಸರು, ದಿನಾಂಕ ಅಚ್ಚು ಮಾಡಿದ ಒಂದು ಹಾಳೆಯನ್ನು ಮೊದಲ ಪುಟಕ್ಕೆ ಅಂಟಿಸಿ ಕೊಟ್ಟೆ. ಅದಕ್ಕೆ ತಗಲುವ ಖರ್ಚು ತೀರ ಕಡಿಮೆ. ಹಣ ಒಂದೇ ಸಲಕ್ಕೆ ಬರುತ್ತದೆ, ಅಂಚೆಯ ಕೆಲಸವಿಲ್ಲ, ಅಂಗಡಿಗೆ ಬಿಡುವುದಕ್ಕಿಂತ ಕಡಿಮೆ ಬಿಟ್ಟರೂ ಅವರಿಗೆ ಸಂತೋಷ. ಊರಿನ ಅಡುಗೆ ಭಟ್ಟರಿಗೂ ಛತ್ರದವರಿಗೂ ಒಂದೊಂದು ಪ್ರತಿ ಕೊಟ್ಟಿಡಿ, ಮದುವೆಯ ಸುದ್ದಿ ಮೊದಲು ತಿಳಿಯುವುದು ಅವರಿಗೆ.

ಪುಸ್ತಕವನ್ನು ಪುಸ್ತಕದಂಗಡಿಯಲ್ಲಷ್ಟೇ ಇಡಬೇಕೆಂಬ ನಿಯಮವಿಲ್ಲ. ಒಂದೆಲಗ, ದೊಡ್ಡಪತ್ರೆಯ ಕುಂಡ ಮಾರುವ ನರ್ಸರಿ, ಅಡಿಕೆ ಬೆಳೆಗಾರರು ಸಾಮಾನು ಕೊಳ್ಳುವ ಸಹಕಾರಿ ಸಂಘಗಳ ಮಳಿಗೆ, ಸಾವಯವ ಸಂತೆ, ಹಲಸಿನ ಮೇಳ, ಇಲ್ಲೆಲ್ಲ ಪಕ್ಕದಲ್ಲಿ ಬೇರೆ ಪುಸ್ತಕವೇ ಇರುವುದಿಲ್ಲ. ಮೇಳದಲ್ಲಿ ಸ್ಟೀಲ್ ತಪ್ಪಲೆಯಲ್ಲಿ ತಂಬುಳಿ ಇಟ್ಟು, ಸಣ್ಣ ಲೋಟದಲ್ಲಿ ರುಚಿ ತೋರಿಸಿ. ಕುಡಿದವರು ಪುಸ್ತಕ ಎತ್ತಿಕೊಳ್ಳುತ್ತಾರೆ. ಮಾರಾಟಕ್ಕೆಂದು ತಂಬುಳಿ ಪುಡಿ ಮುಂತಾದ ಆಹಾರ ಪದಾರ್ಥ ಇಡುವುದಾದರೆ ಮಾತ್ರ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು. ಪರಿಚಯಕ್ಕಾಗಿ ದಿನಪತ್ರಿಕೆಗಳ ಪುರವಣಿಗೆ ಕಳುಹಿಸುವಷ್ಟೇ ಮುತುವರ್ಜಿಯಿಂದ ಪುತ್ತೂರಿನ ‘ಅಡಿಕೆ ಪತ್ರಿಕೆ’ಯಂಥ ಕೃಷಿಕರ ಪತ್ರಿಕೆಗಳಿಗೆ, ಸಮುದಾಯದ ಮಾಸಪತ್ರಿಕೆಗಳಿಗೆ, ಆಕಾಶವಾಣಿಯ ಮಹಿಳಾ ಕಾರ್ಯಕ್ರಮಗಳಿಗೆ ಕಳುಹಿಸಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಬಹುದು, ಆದರೆ ಆಯ್ಕೆ ನಿಮ್ಮ ಕೈಯಲ್ಲಿಲ್ಲವಾದ್ದರಿಂದ ಅದನ್ನು ಲೆಕ್ಕದಲ್ಲಿ ಹಿಡಿಯಬೇಡಿ.

ಅಂಚೆಯ ವಿಷಯದಲ್ಲಿ ಒಂದು ಮಾತು. 112 ಪುಟದ ಡೆಮಿ ಪುಸ್ತಕ ಸುಮಾರು 170 ಗ್ರಾಂ ತೂಗುತ್ತದೆ. ಅಂಚೆ ಇಲಾಖೆ 2025ರ ಮೇ ತಿಂಗಳಿನಿಂದ ನಡೆಸುತ್ತಿರುವ ಜ್ಞಾನ ಪೋಸ್ಟ್ ಸೇವೆಯ ದರ 300 ಗ್ರಾಂವರೆಗೆ 20 ರೂಪಾಯಿಯಿಂದ ಶುರುವಾಗುತ್ತದೆ. ನಿಮ್ಮ ಪುಸ್ತಕ ಆ ಸೇವೆಯ ನಿಯಮಕ್ಕೆ ಹೊಂದುತ್ತದೆಯೇ ಎಂದು ಮೊದಲ ಪ್ರತಿಯನ್ನು ಅಂಚೆ ಕಚೇರಿಗೆ ಒಯ್ದು ಕೇಳಿ, ಇಲ್ಲವಾದರೆ ಸ್ಪೀಡ್ ಪೋಸ್ಟ್ ದರವನ್ನು ಬೆಲೆಯ ಜೊತೆ ಪ್ರತ್ಯೇಕವಾಗಿ ತಿಳಿಸಿ. ಮಳೆಗಾಲದಲ್ಲಿ ಮೊದಲು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಕಂದು ಕಾಗದ. ವಿದೇಶದ ಕನ್ನಡಿಗರಿಗೆ ಅಂಚೆ ವೆಚ್ಚ ಪುಸ್ತಕದ ಬೆಲೆಯನ್ನೇ ಮೀರುವುದರಿಂದ ಅವರಿಗೆ ಇ-ಪುಸ್ತಕ ಒಳ್ಳೆಯದು. ಮೈಲ್ಯಾಂಗ್ ಕನ್ನಡದ ಇ-ಪುಸ್ತಕಗಳನ್ನು ಮಾರುವ ತಾಣ, ಗೂಗಲ್ ಪ್ಲೇ ಬುಕ್ಸ್ ಇನ್ನೊಂದು ದಾರಿ. ರಜೆಗೆ ಊರಿಗೆ ಬಂದವರು ಮಾತ್ರ ಅಚ್ಚಿನ ಪ್ರತಿಗಳನ್ನೇ ಐದೈದು ಕಟ್ಟಿಕೊಂಡು ಹೋಗುತ್ತಾರೆ.

ಪುಸ್ತಕದ ಕೊನೆಯ ಪುಟದಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಹಾಕಿ, ಓದುಗರ ಕರೆಗಳಿಗೆಂದೇ ಒಂದು ನೋಟುಬುಕ್ ಇಡಿ. ತೆಂಗಿನಕಾಯಿ ದುಬಾರಿಯಾದಾಗ ಎಷ್ಟು ಕಡಿಮೆ ಮಾಡಬಹುದು, ಅಂಗಡಿಯ ಪ್ಯಾಕೆಟ್ ಮೊಸರಿಗೆ ಎಷ್ಟು ನೀರು, ಫ್ರಿಜ್ಜಿನಲ್ಲಿ ಇಟ್ಟ ಒಂದೆಲಗ ಎಷ್ಟು ದಿನ ಬರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ನನಗೆ ಎಷ್ಟು ಜನ ಕೇಳಿದರೋ ಲೆಕ್ಕವಿಲ್ಲ. ಎರಡನೇ ಮುದ್ರಣದಲ್ಲಿ ಅವುಗಳ ಉತ್ತರಕ್ಕೆಂದೇ 16 ಪುಟಗಳ ಒಂದು ಫಾರಂ ಸೇರಿಸುತ್ತಿದ್ದೇನೆ. ಹಾಗೆ ಹೊಸ ಭಾಗ ಸೇರಿ ಪರಿಷ್ಕೃತ ಆವೃತ್ತಿಯಾದರೆ ಐಎಸ್‌ಬಿಎನ್ ಹೊಸದು ಬೇಕು. ಇದ್ದುದನ್ನೇ ಮತ್ತೆ ಅಚ್ಚು ಹಾಕಿಸುವುದಾದರೆ ಹಳೆಯದೇ ಸಾಕು. ಮೊದಲ ಮುದ್ರಣವನ್ನು ನೇರವಾಗಿ ಕೊಂಡವರ ವಿಳಾಸ ನನ್ನ ಬಳಿ ಇರುವುದರಿಂದ ಆ 16 ಪುಟಗಳನ್ನು ಬೇರೆಯಾಗಿ ಪಿನ್ ಹೊಡೆಸಿ ಅವರಿಗೆ ಉಚಿತವಾಗಿ ಕಳುಹಿಸಲಿದ್ದೇನೆ, ಅದರ ಜೊತೆಗೆ ಹೊಸ ಆವೃತ್ತಿಯ ಮುಂಗಡ ಬೇಡಿಕೆಯ ಚೀಟಿಯೂ ಇರುತ್ತದೆ.